ತಂತಿ ಒರೆಸುವವರು

ಬೆಂಗಳೂರಿನ ಸುಂಕದಕಟ್ಟೆಯ ಮನೆಗೆ ಬಂದ ಮರುದಿನ ಬೆಳಿಗ್ಗೆ ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಬಂದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಿಳಿ ಅರಿವೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ, ಬಟ್ಟೆ ಒಣಹಾಕುವ ತಂತಿಯನ್ನು ಈ ಕಂಬದಿಂದ ಆ ಕಂಬದವರೆಗೆ ಒರೆಸಿದೆ. ಆಮೇಲೆ ಅರಿವೆ ಬಿಡಿಸಿ ನೋಡಿದೆ. ಒಂದು ಗೆರೆ ತುಕ್ಕು, ಚಿಟಿಕೆ ಧೂಳು, ಅಷ್ಟೇ. ನನಗೆ ನಂಬಿಕೆಯಾಗಲಿಲ್ಲ. ಅರಿವೆ ಮಗುಚಿ ಇನ್ನೊಮ್ಮೆ ಒರೆಸಿದೆ. ಈ ಸಲ ಅದು ಹೋದ ಹಾಗೇ ಬೆಳ್ಳಗೆ ಹಿಂದಕ್ಕೆ ಬಂತು. ಖುಷಿಪಡಬೇಕಾದ ಹೊತ್ತಿನಲ್ಲಿ ನನಗೆ ಗಾಬರಿಯಾಯಿತು. ಮೂವತ್ತಾರು ವರ್ಷದಲ್ಲಿ ನಾನು ಒರೆಸಿದ ಯಾವ ತಂತಿಯಿಂದಲೂ ಅರಿವೆ ಬೆಳ್ಳಗೆ ಬಂದದ್ದಿಲ್ಲ. ಎಲ್ಲಿಗೋ ತಪ್ಪಿ ಬಂದುಬಿಟ್ಟಿದ್ದೇನೆ ಅನ್ನಿಸಿತು.

ಇದನ್ನು ಓದುವವರಲ್ಲಿ ಥರ್ಮಲ್ ಕಾಲೊನಿಯವರಿದ್ದರೆ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮದು ಬಡಗಣದ ಬಿಸಿಲು ಸೀಮೆಯ, ಹೊಳೆ ದಂಡೆಯ ಊರು. ಊರಿಗೆ ಆತುಕೊಂಡೇ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರವಿದೆ, ಅದನ್ನು ನಾವು ‘ಥರ್ಮಲ್’ ಎನ್ನುತ್ತೇವೆ. ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಬೂದಿ ಗೋದಿ ಹಿಟ್ಟಿಗಿಂತ ಸಣ್ಣಗಿರುತ್ತದೆ. ಅದರಲ್ಲಿ ಬಹುಪಾಲು ನೀರಿನೊಡನೆ ಹರಿದು ‘ಬೂದಿ ಕೆರೆ’ ಎಂಬ ದೊಡ್ಡ ಹೊಂಡಕ್ಕೆ ಹೋಗುತ್ತದೆ, ಉಳಿದದ್ದು ಗಾಳಿಗೆ. ಗಾಳಿ ಪಡುವಣದಿಂದ ಬೀಸಿದರೆ ನಮ್ಮ ಕಡೆ, ಮೂಡಣದಿಂದ ಬೀಸಿದರೆ ಹೊಳೆಯಾಚೆ. ಅದಕ್ಕೇ ನಮ್ಮಲ್ಲಿ ತಟ್ಟೆಗಳೆಲ್ಲ ಬೋರಲು, ಕೊಡದ ಬಾಯಿಗೆ ಅರಿವೆ, ಹಪ್ಪಳ ಒಣಗುವುದು ಕೋಣೆಯೊಳಗೆ ಫ್ಯಾನಿನ ಕೆಳಗೆ. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ಕಲಿಸುವುದು ಅಡುಗೆಯಲ್ಲ. ನನ್ನ ಅತ್ತೆ ಕೈಗೊಂದು ಅರಿವೆ ತುಂಡು ಕೊಟ್ಟು ಹೇಳಿದ್ದು ಇಷ್ಟು: “ತಂತಿ ಒರಸಲಾರದಾಕಿ ಎರಡು ಸಲ ಒಗೀತಾಳ, ತಿಳೀತೇನು?” ಅತಿಥಿಗಳಿಗೆ ಬಡಿಸುವ ಮೊದಲು ಅವರ ಕಣ್ಣೆದುರಿಗೇ ತಟ್ಟೆಯನ್ನು ಸೆರಗಿನಿಂದ ಒರೆಸುವುದು ನಮ್ಮಲ್ಲಿ ಮರ್ಯಾದೆ. ಈ ಎರಡು ರೂಢಿಗಳೇ ನನ್ನನ್ನು ಬೆಂಗಳೂರಿನಲ್ಲಿ ಬೀದಿಗೆ ನಿಲ್ಲಿಸುವ ಹಂತಕ್ಕೆ ತಂದವು.

ಬೆಂಗಳೂರಿಗೆ ನಾನು ಬಂದದ್ದು ನನಗಾಗಿ ಅಲ್ಲ, ಮಗಳು ಪವಿತ್ರಳ ಎದೆಗಾಗಿ. ಆಕೆಗೆ ಹನ್ನೊಂದು ವರ್ಷ. ನಾವು ‘ದಮ್ಮು’ ಅನ್ನುತ್ತೇವೆ, ಇಲ್ಲಿ ಎಲ್ಲರೂ ‘ವೀಸಿಂಗ್’ ಅನ್ನುತ್ತಾರೆ. ಹೆಸರು ಯಾವುದಾದರೇನು, ಉಸಿರು ಒಳಗೆ ಹೋಗಿ ಸಿಕ್ಕಿಕೊಂಡು ಸಿಳ್ಳೆ ಹಾಕುವುದು ಎರಡರಲ್ಲೂ ಒಂದೇ. ಹೋದ ವರ್ಷ ಬೇಸಿಗೆಯಲ್ಲಿ ಮೂರು ಸಲ ಆಸ್ಪತ್ರೆಗೆ ಹೊತ್ತೊಯ್ದೆವು. ಮೂರನೇ ಸಲ ಡಾಕ್ಟರು ಚೀಟಿ ಬರೆಯದೆ ಪೆನ್ನು ಕೆಳಗಿಟ್ಟು, “ಔಷಧ ಎಷ್ಟಂತ ಕೊಡ್ಲಿ ತಾಯಿ. ಈ ಗಾಳಿ ಬಿಟ್ಟು ಹೋಗ್ರಿ” ಅಂದರು. ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಾನೂ ಪವಿಯೂ ಇಲ್ಲಿದ್ದೆವು.

ನನ್ನ ಗಂಡ ಮಾರೆಪ್ಪ ಅಲ್ಲೇ ಉಳಿದರು. ಗಂಡನ ಹೆಸರು ಹೇಳಬಾರದು ಅಂತ ನಮ್ಮಲ್ಲಿ ಮಾತಿದೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ಅವರದು ಗುತ್ತಿಗೆ ಕೆಲಸ. ತೆಲಂಗಾಣದ ಗಣಿಗಳಿಂದ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್ ರೈಲಿಗೆ ‘ರೇಕ್’ ಅನ್ನುತ್ತಾರೆ. ಒಂದು ರೇಕಿಗೆ ಐವತ್ತಕ್ಕೂ ಮೇಲೆ ಡಬ್ಬಿ. ಒಂದೊಂದೇ ಡಬ್ಬಿಯನ್ನು ಹಿಡಿದು, ಮಗುವಿನ ತೊಟ್ಟಿಲು ಮಗುಚಿದ ಹಾಗೆ ಪೂರ್ತಿ ಮಗುಚುವ ಯಂತ್ರವಿದೆ. ಮಾರೆಪ್ಪ ಆ ಯಂತ್ರದ ಬಾಯಲ್ಲಿ ನಿಂತು ಕೊಕ್ಕೆ ಬಿಡಿಸುವವರು, ಗಟ್ಟಿ ಹೆಂಟೆ ಒಡೆಯುವವರು. ನಮ್ಮ ಮನೆಯ ಗಡಿಯಾರವೇ ರೇಕು. ಊಟ, ಹಬ್ಬ, ಆಸ್ಪತ್ರೆ ಎಲ್ಲವೂ ರೇಕು ಬಂದಿತೋ ಇಲ್ಲವೋ ಎಂಬುದರ ಮೇಲೆ. ಮಾತು ಕಲಿಯುವಾಗ ಪವಿ ಅವ್ವ, ಅಪ್ಪ ಆದ ಮೇಲೆ ಹೇಳಿದ ಮೂರನೇ ಮಾತು ‘ಏಕ್’.

ಇಲ್ಲಿ ನಮಗೆ ಸಿಕ್ಕಿದ್ದು ಶೀಟ್ ಮನೆ. ತಾರಸಿಯ ಮೇಲೆ ಒಂದು ಕೋಣೆ ಕಟ್ಟಿ ಮೇಲೆ ತಗಡಿನ ಶೀಟು ಹೊದಿಸಿದರೆ ಅದು ಶೀಟ್ ಮನೆ. ಕೆಳಗೆ ಮನೆಯೊಡತಿ ಜಯಮ್ಮ ಇರುತ್ತಾರೆ. ಅರವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಇಲ್ಲ, ಮಗ ಬ್ಯಾಡರಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಅಲ್ಲೇ ಮನೆ ಮಾಡಿದ್ದಾನೆ. ನಮ್ಮ ಬೀದಿ ಇರುವುದೇ ಜಯಮ್ಮನ ಮಾವನ ರಾಗಿ ಹೊಲದ ಮೇಲೆ. ನಾನು ಮಾಗಡಿ ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದೆ. ಹೊಲಿದು ಬಂದ ಅಂಗಿಗಳಲ್ಲಿ ಕಲೆ, ಎಳೆ ಬಿಟ್ಟದ್ದು ಹುಡುಕುವ ಕೆಲಸ. ಬಿಳಿ ಅಂಗಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಇದ್ದರೂ ನಾನು ಹಿಡಿಯುತ್ತಿದ್ದೆ. ಸೂಪರ್‌ವೈಸರ್, “ಏನಮ್ಮ ನಿನ್ ಕಣ್ಣು, ಮೈಕ್ರೋಸ್ಕೋಪಾ?” ಅಂದ. ಬೂದಿಯ ಊರಲ್ಲಿ ಬೆಳೆದಿದ್ದು ಬದುಕಿನಲ್ಲಿ ಅದೊಂದು ಕಡೆ ಉಪಯೋಗಕ್ಕೆ ಬಂತು.

ಭಾಷೆ ಒಂದೇ ಎಂದುಕೊಂಡು ಬಂದಿದ್ದೆ. ನಾನು ಅರವಿ ಅಂದರೆ ಇವರಿಗೆ ತಿಳಿಯದು, ಬಟ್ಟೆ ಅನ್ನಬೇಕು. ನಮ್ಮ ಝಳ ಇಲ್ಲಿ ಸೆಕೆ. ನೆಲದೊಳಗೆ ನೀರು ತುಂಬುವ ತೊಟ್ಟಿ ಸಂಪು. ‘ಕಾವೇರಿ ಬಂತು’ ಅಂತ ಕೂಗಿದರೆ ಯಾರೋ ನೆಂಟರು ಬಂದರು ಅಂತ ಬಾಗಿಲಿಗೆ ಹೋಗಬಾರದು, ನಲ್ಲಿಗೆ ಹೋಗಬೇಕು. ಮಾತಿನ ಕೊನೆಗೆ ‘ರೀ’ ಅಂದರೆ ಸಾಕು, “ಹುಬ್ಬಳ್ಳಿ ಕಡೆಯವ್ರಾ?” ಅನ್ನುತ್ತಾರೆ. ಇವರ ಲೆಕ್ಕದಲ್ಲಿ ತುಮಕೂರು ದಾಟಿದರೆ ಎಲ್ಲವೂ ಹುಬ್ಬಳ್ಳಿ. ಜಯಮ್ಮನೂ ಹಾಗೇ ತಿಳಿದಿದ್ದರು. ಮನೆ ಕೊಡುವಾಗ ಅವರು ಊರು ಕೇಳಿದರು, ಕೆಲಸ ಕೇಳಿದರು, ಇನ್ನೊಂದನ್ನು ಕೇಳಲಿಲ್ಲ. ಜೋಳದ ರೊಟ್ಟಿ, ಹಣೆಯ ವಿಭೂತಿ ನೋಡಿ ಅವರೇ ಏನೋ ಅಂದುಕೊಂಡರು. ನಾನು ತಿದ್ದಲಿಲ್ಲ. ಅವರು ಕೇಳದ ಪ್ರಶ್ನೆಗೆ ನಾನು ಉತ್ತರ ಹೇಳದೆ ಉಳಿದೆ. ಅದು ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೊದಮೊದಲು ಅವರಿಗೆ ನನ್ನ ತಂತಿ ಒರೆಸುವುದು ತಮಾಷೆಯಾಗಿತ್ತು. “ಏನಮ್ಮ ನೀನು, ಬಟ್ಟೆ ಒಗೆಯೋಕ್ ಮುಂಚೆ ತಂತಿ ಒಗೀತೀಯಲ್ಲ” ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬಿಡಬೇಕು ಅಂದುಕೊಂಡರೂ ಕೈ ಬಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವರು ತಮ್ಮ ಒಣಗಿದ ಸೀರೆ ತೆಗೆದುಕೊಂಡು ಕೆಳಗೆ ಹೋಗುತ್ತಿದ್ದರು, ನಾನು ಹಿಂದೆಯೇ ಹೋಗಿ ತಂತಿ ಒರೆಸುತ್ತಿದ್ದೆ. ಅದು ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಇದೆಯಲ್ಲ, ನಮ್ಮಿಬ್ಬರಿಗೆ ನೀರಿನ ಬದಲು ಆ ತಂತಿ ಇತ್ತು. ದಿನವೂ ಅಲ್ಲೇ ಎದುರಾಗಬೇಕು.

ಯುಗಾದಿಯ ದಿನ ಅವರು ಒಬ್ಬಟ್ಟು ಕೊಡಲು ಕೆಳಗೆ ಕರೆದರು. ಫಳಫಳ ಹೊಳೆಯುವ ಸ್ಟೀಲ್ ತಟ್ಟೆ ನನ್ನ ಕೈಗೆ ಕೊಟ್ಟು ಬಡಿಸಲು ಬಗ್ಗಿದರು. ನಾನು ಯೋಚನೆಯೇ ಇಲ್ಲದೆ ತಟ್ಟೆಯನ್ನು ಊದಿ, ಸೆರಗಿನಿಂದ ಎರಡು ಸುತ್ತು ಒರೆಸಿ ಮುಂದೆ ಹಿಡಿದೆ. ಜಯಮ್ಮನ ಕೈಯಲ್ಲಿದ್ದ ಒಬ್ಬಟ್ಟು ಅರ್ಧ ದಾರಿಯಲ್ಲೇ ನಿಂತಿತು. ಆಮೇಲೆ ಹಾಕಿದರು. “ತಗೊಳಿ” ಅಂದರು.

ತಗೊಳಿ. ಅಲ್ಲಿಯವರೆಗೆ ‘ತಗೊಳಮ್ಮ’ ಇತ್ತು. ನಮ್ಮ ಕಡೆ ಹಿರಿಯರು ಚಿಕ್ಕವರನ್ನು ಬಹುವಚನದಲ್ಲಿ ಕರೆದರೆ ಅದು ಬರೀ ಅಕ್ಕರೆ. ಇಲ್ಲಿ, ನಿನ್ನೆಯವರೆಗೆ ನೀನು ಅಂದವರು ಇವತ್ತು ನೀವು ಅಂದರೆ ಬಾಗಿಲು ಹಾಕಿಕೊಂಡ ಹಾಗೆ. ಅದನ್ನು ಕಲಿಯಲು ನನಗೆ ಒಂದು ವಾರ ಬೇಕಾಯಿತು. ಅವರ ಸಿಟ್ಟು ಬೂದಿ ಮುಚ್ಚಿದ ಕೆಂಡದ ಹಾಗಿತ್ತು. ಮೇಲೆ ಮುಟ್ಟಿದರೆ ತಣ್ಣಗೆ.

ಇಷ್ಟರಲ್ಲಿ ಬಿಸಿಲು ಏರಿತು. ಬೆಂಗಳೂರು ತಂಪು ಅಂತ ನಾವೆಲ್ಲ ಕೇಳಿಕೊಂಡು ಬೆಳೆದವರು. ಶೀಟಿನ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೆ ನಿಂತು ನೋಡಿ, ನಮ್ಮ ಊರು ನೆನಪಾಗುತ್ತದೆ. ಜಯಮ್ಮ ಬೇರೆಯವರ ಜೊತೆ ಮಾತಾಡುವುದು ಕೇಳಿಸುತ್ತಿತ್ತು: “ನಾನು ಮದುವೆಯಾಗಿ ಬಂದಾಗ ಇಲ್ಲಿ ಫ್ಯಾನೇ ಇರ್ಲಿಲ್ಲ ಕಣೇ. ಬೇಸಿಗೇಲೂ ಕಂಬಳಿ ಹೊದ್ಕೊತಿದ್ವಿ. ಈಗ ನೋಡು, ಉಸಿರಾಡೋಕಾಗ್ತಿಲ್ಲ.” ಏಪ್ರಿಲ್ ಮೊದಲ ವಾರ ಅವರ ಮಗ ಬಂದು ಕೆಳಗಿನ ಕೋಣೆಗೆ ಎಸಿ ಹಾಕಿಸಿದ. ಅದರ ಹೊರಗಿನ ಡಬ್ಬಿಯನ್ನು ತಾರಸಿಗೆ ತಂದು ನಮ್ಮ ತಂತಿಯ ಪಕ್ಕದಲ್ಲೇ ಕೂರಿಸಿದರು. ಅದು ಓಡಿದಾಗಲೆಲ್ಲ ಬಿಸಿಗಾಳಿ ಹೊಡೆದು ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು.

ಅದೇ ವಾರ ಮಾರೆಪ್ಪ ಬರಬೇಕಿತ್ತು. ರಜೆ ರದ್ದಾಯಿತು. ಮರುವಾರವೂ ಆಯಿತು. “ಬೆಂಗಳೂರಾಗ ಲೋಡ್ ಏರೈತಂತ. ದಿನಕ್ಕ ರೇಕ್ ಮ್ಯಾಲ ರೇಕ್” ಅಂದರು ಫೋನಿನಲ್ಲಿ. ಲೋಡು ಅಂದರೆ ಜನ ಉರಿಸುವ ಕರೆಂಟಿನ ಭಾರ. ನಾನು ತಾರಸಿಯಲ್ಲಿ ನಿಂತು ಮಾತಾಡುತ್ತಿದ್ದೆ, ಪಕ್ಕದಲ್ಲಿ ಎಸಿಯ ಡಬ್ಬಿ ಗೊರಗುಟ್ಟುತ್ತಿತ್ತು. ಇಲ್ಲಿ ಒಂದು ಬೀದಿಯ ಎಸಿಗಳೆಲ್ಲ ಓಡಿದರೆ ಅಲ್ಲಿ ನನ್ನ ಗಂಡ ಇನ್ನೊಂದು ಕಲ್ಲಿದ್ದಲ ಡಬ್ಬಿ ಮಗುಚಬೇಕು. ಅದನ್ನು ಯೋಚಿಸಿ ನನಗೆ ಜಯಮ್ಮನ ಮೇಲೆ ಸಿಟ್ಟು ಬಂತು. ಸಿಟ್ಟು ಎರಡು ದಿನ ಇತ್ತು. ಮೂರನೇ ದಿನ ಪವಿಗೆ ಸೆಕೆಗೆ ಮೈಯೆಲ್ಲ ಬೊಬ್ಬೆ ಎದ್ದಿತು, ನಾನೇ ಹೋಗಿ ಹಳೆಯದೊಂದು ಕೂಲರ್ ತಂದು ಸ್ವಿಚ್ ಒತ್ತಿದೆ. ಆಮೇಲೆ ಸಿಟ್ಟು ಯಾರ ಮೇಲೆ ಇಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ.

ಪವಿಯ ಶಾಲೆಯಲ್ಲಿ ಟೀಚರ್ ಪಾಠ ಮಾಡಿದ್ದರಂತೆ, ಭೂಮಿ ಯಾಕೆ ಬಿಸಿಯಾಗುತ್ತಿದೆ ಅಂತ. ಆಕೆ ಚಿತ್ರ ಬರೆದುಕೊಂಡು ಬಂದಿದ್ದಳು. ಚಿಮಣಿ, ಹೊಗೆ, ಹೊಗೆಯ ಕಂಬಳಿ ಹೊದ್ದ ಗುಂಡನೆಯ ಭೂಮಿ. ಚಿಮಣಿಯ ಬುಡದಲ್ಲಿ ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ.

“ಅವ್ವಾ, ಕಲ್ಲಿದ್ದಲು ಸುಟ್ಟರ ಹೊಗಿ ಮ್ಯಾಲ ಹೋಗಿ ನಿಂತು ಬಿಸಲು ಹೆಚ್ಚು ಮಾಡ್ತೈತಂತ. ಹಂಗಾರ ಅಪ್ಪ ಕೆಟ್ಟ ಕೆಲಸ ಮಾಡ್ತಾನೇನು?”

“ಅಪ್ಪ ಡಬ್ಬಿ ಹೊರಳಸ್ತಾನ ಅಷ್ಟ. ಸ್ವಿಚ್ ಎಲ್ಲಾರೂ ಒತ್ತತೀವಿ.”

“ಮತ್ತ ಮುಚ್ಚಿಬಿಟ್ಟರ ಆತಲ್ಲ.”

ಮುಚ್ಚುತ್ತಾರೆ ಅಂತ ನಾವೂ ಕೇಳುತ್ತಲೇ ಬಂದಿದ್ದೇವೆ. ಸೋಲಾರ್ ಬಂತು, ಗಾಳಿ ಫ್ಯಾನು ಬಂತು, ಇನ್ನು ಥರ್ಮಲ್ ಕಥೆ ಮುಗಿಯಿತು ಅಂತ. ಆದರೆ ನನ್ನಪ್ಪ ಅಲ್ಲಿ ಕೂಲಿಗೆ ಸೇರಿದಾಗ ಒಂದು ಚಿಮಣಿ ಇತ್ತು. ನಾನು ಶಾಲೆಯ ಕಿಟಕಿಯಿಂದ ಎಣಿಸಲು ಕಲಿತದ್ದೇ ಚಿಮಣಿಗಳನ್ನು, ವರ್ಷ ಹೋದ ಹಾಗೆ ಲೆಕ್ಕ ಮುಂದೆ ಹೋಯಿತು. ಬೂದಿ ಕೆರೆ ಬೆಳೆದು ನನ್ನ ತವರಿನ ಎರಡೆಕರೆ ನುಂಗಿತು. ಹೊಳೆಯೂ ತಾಳ ತಪ್ಪಿದೆ. ಒಂದು ವರ್ಷ ಊರೊಳಗೆ ನುಗ್ಗುತ್ತದೆ, ಇನ್ನೊಂದು ವರ್ಷ ಬರೀ ಮರಳು. ಹೊಳೆ ಬತ್ತಿದರೆ ಥರ್ಮಲ್ಲಿಗೂ ನೀರಿಲ್ಲ, ಅದೂ ನಿಲ್ಲಬೇಕು. ಬೆಳೆದರೆ ಮಗಳ ಎದೆಗೆ ಬೂದಿ, ಮುಚ್ಚಿದರೆ ಗಂಡನಿಗೆ ಕೆಲಸವಿಲ್ಲ. ಅತ್ತ ದರಿ, ಇತ್ತ ಪುಲಿ. ಇದನ್ನು ಹನ್ನೊಂದು ವರ್ಷದವಳಿಗೆ ಹೇಗೆ ಹೇಳುವುದು. “ಊಟ ಮಾಡು” ಅಂದೆ.

ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಜಯಮ್ಮ ತಾರಸಿಗೆ ಬಂದರು. ನಾನು ತಂತಿಯ ಅರ್ಧದಲ್ಲಿದ್ದೆ.

“ಮೇ ಕೊನೆಗೆ ಮನೆ ಖಾಲಿ ಮಾಡಿ.”

“ಯಾಕ್ರಿ ಆಂಟಿ, ಏನ್ ತಪ್ಪಾತು?”

“ತಪ್ಪು ನಮ್ದೇ ಇರ್ಬೇಕು. ನಾವು ಮುಟ್ಟಿದ ತಂತಿ ನಿಮಗಾಗಲ್ಲ. ನಮ್ಮ ತಟ್ಟೆ ನಿಮಗಾಗಲ್ಲ. ಹಬ್ಬದ ದಿನ ನನ್ ಮನೇಲಿ ನಿಂತ್ಕೊಂಡು ನನ್ ತಟ್ಟೆ ಒರೆಸ್ತೀರ. ಅಷ್ಟೊಂದು ಮಡಿ ಮಾಡೋರು ನಿಮ್ಮಂಥವರ ಮನೆಯಲ್ಲೇ ಬಾಡಿಗೆಗಿರಿ.”

ಮಡಿ. ಆ ಮಾತು ಕೇಳಿ ನನಗೆ ನಗು ಬಂದೀತು ಎಂಬ ಭಯವಾಯಿತು. ನಾನು ಊರ ಹೊರಗಿನ ಕೇರಿಯವಳು. ಅಂಗಡಿಯ ಕಟ್ಟೆ ಮುಟ್ಟಿದರೆ ನನ್ನ ಹಿಂದೆಯೇ ಒಂದು ಚೊಂಬು ನೀರು ಚೆಲ್ಲುತ್ತಿದ್ದರು. ನಾನು ಮುಟ್ಟಿದ್ದನ್ನು ಒರೆಸಿಕೊಂಡವರನ್ನು ನೋಡುತ್ತಲೇ ದೊಡ್ಡವಳಾದವಳು ನಾನು. ಈಗ ನಾನೇ ಇನ್ನೊಬ್ಬರು ಮುಟ್ಟಿದ್ದನ್ನು ಒರೆಸುವವಳಾಗಿ ಅಪವಾದ ಹೊತ್ತು ನಿಂತಿದ್ದೆ.

“ಮಡಿ ಅಲ್ರಿ ಆಂಟಿ. ಬೂದಿ. ನಮ್ಮೂರಾಗ ಬೂದಿ ಬೀಳ್ತೈತಿ ರೀ” ಅಂದೆ.

ಅವರು ಸುತ್ತಲೂ ನೋಡಿದರು. “ಬೂದಿನಾ? ಇಲ್ಲೆಲ್ಲಿದೆ ಬೂದಿ?”

ನನ್ನ ಕೈಯಲ್ಲಿದ್ದ ಅರಿವೆ ಬೆಳ್ಳಗಿತ್ತು. ಅದನ್ನು ಮುಚ್ಚಿ ಹಿಡಿದುಕೊಂಡೆ. ಇನ್ನೊಂದು ಉತ್ತರ ಗಂಟಲಲ್ಲೇ ಇತ್ತು, ನಾವು ಮಡಿ ಮಾಡುವ ಜನ ಅಲ್ಲವೇ ಅಲ್ಲ ಎಂಬ ಉತ್ತರ. ಅದನ್ನು ಹೇಳಿದರೆ ಮೇ ಕೊನೆಯವರೆಗೂ ಕಾಯಲಾರರು ಅನ್ನಿಸಿತು. ನುಂಗಿಕೊಂಡೆ.

ಮನೆ ಹುಡುಕಲು ಶುರುಮಾಡಿದೆ. ವಿಜಯನಗರ, ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್, ಭಾನುವಾರ ಪೂರ್ತಿ ಬಸ್ಸಿನಲ್ಲಿ. ನಮ್ಮ ಕೈಗೆ ಎಟುಕುವಂಥವು ನೆಲಮಾಳಿಗೆಯ ಕೋಣೆಗಳು, ಗೋಡೆಯಲ್ಲಿ ಬೂಷ್ಟು. ಒಂದರೊಳಗೆ ಹೋಗಿ ಎರಡು ನಿಮಿಷಕ್ಕೆ ಪವಿ ಕೆಮ್ಮಲು ಶುರುಮಾಡಿದಳು. ಗಾಳಿ ಬರುವ ಕೋಣೆ ಇದ್ದ ಕಡೆ ಒಡೆಯರು ಗೇಟಿನಲ್ಲೇ ನಿಲ್ಲಿಸಿ ನಗುನಗುತ್ತಲೇ ಕೇಳಿದರು: “ತಪ್ಪು ತಿಳ್ಕೋಬೇಡಿ, ಯಾವ ಜನ ನೀವು?” ತಪ್ಪು ತಿಳಿದುಕೊಳ್ಳದೆ ವಾಪಸು ಬಂದೆ. ಕೆಂಗೇರಿಯಲ್ಲಿ ಒಂದು ಕಡೆ ಒಪ್ಪಿದರು. ಅಲ್ಲಿಂದ ನನ್ನ ಫ್ಯಾಕ್ಟರಿಯೂ ದೂರ, ಪವಿಯ ಶಾಲೆಯೂ ದೂರ.

ಮಾರೆಪ್ಪ ಫೋನಿನಲ್ಲಿ ಮೆಲ್ಲಗೆ ಹೇಳಿದರು: “ಇಲ್ಲಿ ಕಲ್ಲಿದ್ದಲ ಯಾರ್ಡ್ ದೊಡ್ಡದು ಮಾಡಾಕತ್ತಾರ. ನನಗ ಮೇಸ್ತ್ರಿ ಮಾಡತೀವಿ ಅಂದಾರ. ಕ್ವಾರ್ಟರ್ಸ್ ಕೊಡತಾರಂತ. ವಾಪಸ್ ಬಂದುಬಿಡ್ರಿ. ಕಿಟಕಿ ಹಾಕ್ಕೊಂಡು ಇದ್ದರಾತು.”

“ಕಿಟಕಿ ಹಾಕಿದ್ರ ದಮ್ಮು ನಿಲ್ತೈತೇನ್ರಿ?”

ಅವರು ಕೆಮ್ಮಿದರು. ಅದೇ ಉತ್ತರ. ಪವಿ ಇಲ್ಲಿಗೆ ಬಂದ ಮೇಲೆ ಹತ್ತು ತಿಂಗಳಲ್ಲಿ ಒಂದು ಸಲವೂ ಆಸ್ಪತ್ರೆಗೆ ಹೋಗಿರಲಿಲ್ಲ. ದಮ್ಮು ಬಂದಾಗ ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಪಂಪು ಕಪಾಟಿನ ಮೇಲೆ ಕೂತು ಮರೆತುಹೋಗಿತ್ತು. ಅದನ್ನು ತೆಗೆದು ಮತ್ತೆ ಆಕೆಯ ಬ್ಯಾಗಿಗೆ ಹಾಕಿದ ದಿನ ನಾನು ಅತ್ತುಬಿಟ್ಟೆ.

ಮೇ ಎರಡನೇ ಭಾನುವಾರ ಬೆಳಿಗ್ಗೆ ಕರೆಂಟು ಹೋಯಿತು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂತ ಒಬ್ಬರು, ಊರಿಗೆಲ್ಲ ಇಲ್ಲ ಅಂತ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಮನೆ ಬೆಂಕಿಯ ಗೂಡಾಗಿರಬೇಕು. ಜಯಮ್ಮ ಬೀಸಣಿಗೆ ಹಿಡಿದು ಮೇಲೆ ಬಂದರು. ನೀರಿನ ಟ್ಯಾಂಕಿನ ನೆರಳಿನಲ್ಲಿ ನಾನೂ ಪವಿಯೂ ಕೂತಿದ್ದೆವು. ಇಡೀ ತಾರಸಿಯಲ್ಲಿ ನೆರಳು ಇದ್ದದ್ದು ಅಷ್ಟೇ. ಅವರು ಒಂದು ಗಳಿಗೆ ನಿಂತು, ಆಮೇಲೆ ಸ್ವಲ್ಪ ದೂರ ಬಿಟ್ಟು ಕೂತರು. ಎಸಿಯ ಡಬ್ಬಿ ಸುಮ್ಮನಿತ್ತು.

ಆಗ ಮಾರೆಪ್ಪನ ಫೋನು ಬಂತು. ಪವಿಯೇ ಎತ್ತಿ ಸ್ಪೀಕರಿಗೆ ಹಾಕಿದಳು.

“ಪವೀ, ಏನ್ ಮಾಡಾಕತ್ತಿ?”

“ಕರೆಂಟ್ ಇಲ್ಲಪ್ಪ. ಬೇಯಾಕತ್ತೀವಿ.”

“ಇಲ್ಲಿ ಎರಡು ಯೂನಿಟ್ ನಿಂತಾವ. ಬಾಯ್ಲರ್ ಪೈಪ್ ಸೀಳೈತಂತ. ಅದಕ್ಕ ರೇಕೂ ಇಲ್ಲ, ಕೆಲಸಾನೂ ಇಲ್ಲ.” ಅವರ ದನಿಯಲ್ಲಿ ನಾನು ಬಹಳ ದಿನದಿಂದ ಕೇಳದ ಹಗುರ ಇತ್ತು. “ನಿಮ್ಮವ್ವಗ ಹೇಳು, ನಮ್ಮ ಓಣಿ ಕಡೀ ಚಿಮಣಿ ಹೊಗಿ ನಿಂತೈತಿ, ಮುಗಲು ನೀಲಿ ಕಾಣಾಕತ್ತೈತಿ. ಇವತ್ತ ತಂತಿ ಒರಸಲಾರದ ಅರವಿ ಹಾಕೀನಿ. ಬೆಳ್ಳಗ ಒಣಗ್ಯಾವ, ದೇವರಾಣಿ. ಓಣಿಯಾಗ ಎಲ್ಲಾರೂ ಒರಸಲಾರದ ಹಾಕ್ಯಾರ.”

ಜಯಮ್ಮನ ಬೀಸಣಿಗೆ ನಿಂತಿತು. ಫೋನು ಇಟ್ಟ ಮೇಲೂ ಅವರು ನನ್ನನ್ನೇ ನೋಡುತ್ತಿದ್ದರು.

“ಅಲ್ಲೂ ಒರೆಸ್ತೀರಾ?”

“ಅಲ್ಲೇ ಒರಸೋದ್ರಿ ಆಂಟಿ. ಇಲ್ಲಿ ಬರೇ ರೂಢಿ.”

ಆಮೇಲೆ ಎಲ್ಲ ಹೇಳಿದೆ. ಬೋರಲು ತಟ್ಟೆ, ಬೂದಿ ಕೆರೆಯೊಳಗಿನ ತವರಿನ ಹೊಲ, ಪವಿಯ ಎದೆ, ಡಬ್ಬಿ ಮಗುಚುವ ಯಂತ್ರ. ಅವರು ನಡುವೆ ಒಂದೇ ಮಾತು ಕೇಳಿದರು: “ಹೊಲ ಪೂರ್ತಿ ಹೋಯ್ತಾ?” ಹೌದು ಅಂದೆ. ಅವರು ಕೆಳಗಿನ ಬೀದಿ ನೋಡಿದರು. “ಆ ಬೇಕರಿ ಇದೆಯಲ್ಲ, ಅಲ್ಲಿ ನಮ್ ಕಣ ಇತ್ತು” ಅಂದರು. ನಂತರ ಎಸಿಯ ಡಬ್ಬಿಯ ಕಡೆ ಕೈ ತೋರಿಸಿದರು. “ಇದು ಓಡಿದ್ರೆ ಅಲ್ಲಿ ಬೂದಿ ಬೀಳತ್ತೆ ಅನ್ನಿ.”

“ನನ್ನ ಕೂಲರ್ ಓಡಿ‌ದ್ರೂ ಬೀಳ್ತೈತಿ ರೀ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಪವಾದ ಕಳೆದಿತ್ತು, ಮನೆ ಉಳಿಯುವ ಹಾಗಿತ್ತು. ಆದರೆ ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡದ್ದು ಆ ಸೆಕೆಯಲ್ಲಿ ನನಗೆ ಸಾಕಾಗಿಹೋಗಿತ್ತು. ಇವತ್ತು ಹೇಳದಿದ್ದರೆ ನಾಳೆ ಇನ್ನಾರೋ ಹೇಳುತ್ತಾರೆ.

“ಇನ್ನೊಂದು ಮಾತ್ರಿ ಆಂಟಿ. ನಾವು ಮಡಿ ಮಂದಿ ಅಲ್ಲ. ನಾವು ಕೇರಿ ಮಂದಿ. ನಾವು ಮುಟ್ಟಿದ್ದನ್ನ ಬ್ಯಾರೇರು ಒರಸಕೊಂತಾರ.”

ಜಯಮ್ಮ ಬೀಸಣಿಗೆಯನ್ನು ಮಡಿಲಲ್ಲಿಟ್ಟುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಕೆಳಗೆ ಯಾರೋ ‘ಕರೆಂಟ್ ಬಂತು’ ಅಂದರು, ಎಸಿಯ ಡಬ್ಬಿ ನಡುಗಿ ಗೊರಗುಟ್ಟಿತು. ಅವರು ಮಂಡಿಗೆ ಕೈಯೂರಿ ಎದ್ದು ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ಅರಿವೆ ಅದ್ದಿಕೊಂಡು ತಂತಿಯ ಹತ್ತಿರ ಹೋದೆ. ತಂತಿ ಆಗಲೇ ಒದ್ದೆಯಾಗಿತ್ತು. ಈ ಕಂಬದಿಂದ ಆ ಕಂಬದವರೆಗೆ ಯಾರೋ ಒರೆಸಿದ್ದರು. ಕಂಬದ ಮೊಳೆಗೆ ಜಯಮ್ಮನ ಅಡುಗೆಮನೆಯ ಚೌಕಳಿ ಬಟ್ಟೆ ನೇತಾಡುತ್ತಿತ್ತು. ಸಣ್ಣವಳಿದ್ದಾಗಿನ ಆ ಅಂಗಡಿಯ ಕಟ್ಟೆ, ಆ ಚೊಂಬಿನ ನೀರು ನೆಲಕ್ಕೆ ಬೀಳುವ ಸದ್ದು ನೆನಪಾಯಿತು. ನಾನು ಮುಟ್ಟಿದ್ದನ್ನು ತೊಳೆದುಕೊಂಡಿದ್ದಾರೆ. ಕೆಂಗೇರಿಯ ಮನೆಗೆ ಇವತ್ತೇ ಫೋನು ಮಾಡಬೇಕು ಅಂದುಕೊಂಡು ಬಕೆಟ್ ಎತ್ತಿದೆ.

“ಎಲ್ಲಿಗೆ ಹೊರಟೆ?” ಜಯಮ್ಮ ಟ್ಯಾಂಕಿನ ಹಿಂದಿನಿಂದ ಬಂದರು, ಕೈಯಲ್ಲಿ ತಮ್ಮ ಸೀರೆಯ ಬಕೆಟ್. “ಹಿಂದಿನ ಬೀದೀಲಿ ಹಳೇ ಮನೆ ಒಡೀತಾ ಇದಾರೆ, ಬೆಳಗ್ಗೆಯಿಂದ ಧೂಳು. ಪಾಪು ಎದೆಗೆ ಆಗಲ್ಲ ಅಂದಿದ್ಯಲ್ಲ, ಅದಕ್ಕೇ ಒರೆಸ್ದೆ. ಹಾಕು ನೀನು, ಆಮೇಲೆ ನಾನು ಹಾಕ್ತೀನಿ.”

ಹಾಕು. ಹಾಕಿ ಅಲ್ಲ.

ನಾನು ಹಾಕಿದೆ. ಪವಿಯ ಲಂಗ ಎರಡು ಸಲ ಕೆಳಗೆ ಬಿತ್ತು. ಜಯಮ್ಮ ಉಳಿದ ಜಾಗದಲ್ಲಿ ತಮ್ಮ ಸೀರೆ ಹರವಿದರು, ಅದರ ಅಂಚು ನನ್ನ ರವಿಕೆಯ ಮೇಲೆ ಬಿತ್ತು, ಅವರು ಸರಿಸಲಿಲ್ಲ. ಮನೆ ಖಾಲಿ ಮಾಡುವ ಮಾತು ಆ ದಿನದಿಂದ ಅವರ ಬಾಯಲ್ಲಿ ಬಂದಿಲ್ಲ. ಒಬ್ಬಟ್ಟು ತಿನ್ನಲು ನಮ್ಮ ಮನೆಗೆ ಅವರು ಬರುತ್ತಾರೋ ಇಲ್ಲವೋ, ಅದು ಮುಂದಿನ ಯುಗಾದಿಗೆ ಗೊತ್ತಾಗುತ್ತದೆ. ಈಗ ಇರುವುದನ್ನು ಇಷ್ಟು ಅಂತ ಹೇಳಬಲ್ಲೆ, ಹೆಚ್ಚು ಹೇಳಲಾರೆ.

ಅಲ್ಲಿ ನೀಲಿ ಮುಗಿಲು ಇದ್ದದ್ದು ನಾಲ್ಕೇ ದಿನ. ಪೈಪು ಸರಿಯಾಯಿತು, ಯೂನಿಟ್ಟುಗಳು ಶುರುವಾದವು, ರೇಕಿನ ಹಿಂದೆ ರೇಕು ಬಂದು ನಿಂತಿತು. ಬೆಂಗಳೂರಿನಲ್ಲಿ ಕರೆಂಟು ಪದೇ ಪದೇ ಹೋಗುವುದು ನಿಂತದ್ದಕ್ಕೆ ನಾನೂ ಎಲ್ಲರ ಹಾಗೆ ನಿಟ್ಟುಸಿರು ಬಿಟ್ಟೆ. ಆಮೇಲೆ ಆ ನಿಟ್ಟುಸಿರಿಗೆ ನಾಚಿದೆ. ಮಾರೆಪ್ಪ ಮೇಸ್ತ್ರಿಯಾದರು, ಕ್ವಾರ್ಟರ್ಸ್ ಬೇಡ ಅಂದರು. ನಾವು ಇಲ್ಲೇ, ಅವರು ಅಲ್ಲೇ.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಫೋನು ಮಾಡುತ್ತಾರೆ. ನಾನು ತಾರಸಿಯಲ್ಲಿ ಇರುತ್ತೇನೆ, ಅವರು ನಮ್ಮ ಓಣಿಯ ಅಂಗಳದಲ್ಲಿ. ಇಬ್ಬರ ಕೈಯಲ್ಲೂ ಅರಿವೆ. “ಹೆಂಗ ಬಂತ್ರಿ?” ಅಂತ ಕೇಳುತ್ತೇನೆ. “ಕರ್ರಗ” ಅನ್ನುತ್ತಾರೆ, ಮೋಡ ಹೇಗಿದೆ ಅಂತ ಹೇಳುವಷ್ಟು ಸಹಜವಾಗಿ. ನಂತರ ಅವರು ಕೇಳುತ್ತಾರೆ, “ನಿಂದು?”

ನನ್ನ ಅರಿವೆ ಬೆಳ್ಳಗಿರುತ್ತದೆ. ಅದನ್ನು ಹೇಳಲು ಬಾಯಿ ಬರುವುದಿಲ್ಲ. “ಇಲ್ಲೂ ಸ್ವಲ್ಪ ಕರ್ರಗ ಆಗೈತ್ರಿ” ಅನ್ನುತ್ತೇನೆ.